ಎಡ ಭುಜ, ಬಲ ಭುಜ

ಫೆಬ್ರವರಿ ೪

ತಮ್ಮಾ ಬೀಗದಕೈ,

ಗುಂಪಿನ ಮೇಲ್‌ಗೆ ಹಾಕದೆ ನಿನಗೊಬ್ಬನಿಗೇ ಬರೀತಿದ್ದೀನಿ. ಅಲ್ಲಿ ಬರೆದ್ರೆ ನೂರು ಜನ ಓದಿ ನೂರಾ ಹತ್ತು ಸಲಹೆ ಕೊಡ್ತಾರೆ. ನನಗೆ ಬೇಕಿರೋದು ಸಲಹೆ ಅಲ್ಲ, ಒಂದು ಮಾತು.

ಟೋಪಿಯವನು ಫೋನ್ ಮಾಡಿದ್ದ. ಅದೇ, ನಮ್ಮ ‘ಅಳತೆ’ ಸಾಫ್ಟ್‌ವೇರಿಗೆ ಟೋಪಿ ಕತ್ತರಿಸೋ ಪ್ಲಗಿನ್ ಬರೆದವನು. ‘ಅಳತೆ’ಯ ಹೊಸ ಆವೃತ್ತಿಯಲ್ಲಿ ಗುಬ್ಬಿ ಭಾಷೆ ತೆಗೀತಾರಂತೆ, ಇನ್ನು ಪ್ಲಗಿನ್ ಬರೆಯೋರೆಲ್ಲ ಹೊಸ ಭಾಷೆಯಲ್ಲೇ ಬರೀಬೇಕಂತೆ ಅಂದ. ಸುದ್ದಿ ಎಲ್ಲಿಂದ ಬಂತು ಅಂದ್ರೆ, ‘ಎಲ್ಲಾ ಕಡೆ ಮಾತಾಡ್ತಿದಾರೆ’ ಅಂತಾನೆ. ಅವನಿಗೆ ಎಲ್ಲಾ ಕಡೆ ಅಂದ್ರೆ ಅವನ ಅಂಗಡಿ ಮತ್ತೆ ಪಕ್ಕದ ಅಂಗಡಿ.

ಆದ್ರೂ ಕೇಳ್ತೀನಿ. ಹೌದಾ?

ಮೊನ್ನೆ ನನ್ನ ತಂಗಿ ಕೇಳಿದ್ಲು, ‘ಪ್ಲಗಿನ್ ಪ್ಲಗಿನ್ ಅಂತ ಸಾಯ್ತೀಯಲ್ಲ, ಏನೇ ಅದು?’ ಅಂತ. ಹೊಲಿಗೆ ಮಿಷನ್ ತೋರಿಸಿದೆ. ಕಾಜಾ ಹಾಕೋಕೆ ಒಂದು ಕಾಲು, ಜಿಪ್ ಕೂರಿಸೋಕೆ ಇನ್ನೊಂದು ಕಾಲು. ಮಿಷನ್ ಅದೇ, ಕಾಲು ಬದಲಾಯಿಸಿದ್ರೆ ಕೆಲಸ ಬೇರೆ. ಮೈಯಳತೆ ಕೊಟ್ರೆ ಬಟ್ಟೆ ಕತ್ತರಿಸೋ ನಕ್ಷೆ ಹಾಕಿಕೊಡೋ ‘ಅಳತೆ’ ಅನ್ನೋ ಮಿಷನ್ನಿಗೆ ನಾನು ಮಾಡಿಕೊಟ್ಟಿರೋ ಕಾಲುಗಳು ನನ್ನ ಪ್ಲಗಿನ್‌ಗಳು. ಗುಬ್ಬಿ ಭಾಷೆ ಅಂದ್ರೆ ಆ ಕಾಲುಗಳನ್ನ ಮಿಷನ್ನಿಗೆ ಕೂರಿಸೋ ತಿರುಪು. ತಿರುಪು ಕಿತ್ತರೆ ನನ್ನ ಕಾಲೆಲ್ಲ ಡಬ್ಬಿಗೆ. ಲಾಯರಮ್ಮನಿಗೆ ತಕ್ಷಣ ಅರ್ಥ ಆಯ್ತು.

ಹೌದು, ಲಾಯರಮ್ಮ! ಪರೀಕ್ಷೆ ಪಾಸಾದ್ಲು. ಜೂನ್ ಮೊದಲನೇ ವಾರ ಕೋರ್ಟಿಗೆ ಸೇರ್ತಾಳೆ. ಅವಳ ಕರಿ ಕೋಟು ನಾನೇ ಹೊಲೀಬೇಕು, ಅದೂ ನನ್ನ ಕೋಟಿನ ಪ್ಲಗಿನ್ನಿನಲ್ಲೇ ಕತ್ತರಿಸಿ. ಬೇರೆ ಯಾವುದರಲ್ಲೂ ಅವಳ ಕೋಟು ಆಗಲ್ಲ. ಯಾಕೆ ಅಂತ ಕೇಳ್ಬೇಡ, ಅವಳು ಹಟಮಾರಿ.

ಹೊಲಿಗೆ ಕೋಣೆಯಲ್ಲಿ ನಾವು ಐದು ಜನ ಹೆಂಗಸರು ಬದುಕ್ತಿರೋದು ಈ ಕಾಲುಗಳ ಮೇಲೆ. ಸುತ್ತಿ ಬಳಸಿ ಹೇಳ್ಬೇಡ. ತೆಗೀತೀರೋ ಇಲ್ವೋ?

ಅಕ್ಕ (ಕತ್ತರಿ)

---

ಫೆಬ್ರವರಿ ೯

ಅಕ್ಕಾ,

ಮೊದಲು ಲಾಯರಮ್ಮನಿಗೆ ಶುಭಾಶಯ ಹೇಳು. ಇನ್ನು ಮುಂದೆ ನಿನ್ನ ಜೊತೆ ಜಗಳ ಆಡೋಕೂ ಯೋಚನೆ ಮಾಡ್ಬೇಕು.

ಟೋಪಿಯವನ ಮಾತಿಗೆ ತಲೆ ಕೆಡಿಸಿಕೋಬೇಡ. ಗುಂಪಿನವರೆಲ್ಲ ನನಗೆ ಬೀಗದಕೈ ಅಂತ ಸುಮ್ನೆ ಹೆಸರಿಟ್ಟಿಲ್ಲ. ಯಾರು ಏನೇ ಬದಲಾವಣೆ ಬರೆದು ಕಳಿಸಿದ್ರೂ ಅದು ಒಳಗೆ ಹೋಗ್ಬೇಕಾದ್ರೆ ನನ್ನ ಕೈ ದಾಟಿಯೇ ಹೋಗ್ಬೇಕು. ಆ ಕೀಲಿ ನನ್ನ ಹತ್ರ ಇರೋವರೆಗೂ ಗುಬ್ಬಿಯ ಬಾಗಿಲು ಮುಚ್ಚಲ್ಲ. ಮಾತು ಕೇಳಿದೆಯಲ್ಲ, ಇಗೋ ಕೊಟ್ಟೆ.

ಒಂದು ಕುತೂಹಲಕ್ಕೆ ಕೇಳ್ತೀನಿ. ಅಕಸ್ಮಾತ್ ಹೊಸ ಭಾಷೆಯಲ್ಲಿ ಬರೀಬೇಕು ಅಂತ ಬಂದ್ರೆ ನಿನಗೆಷ್ಟು ದಿನ ಬೇಕಾಗಬಹುದು? ಸುಮ್ನೆ ಕೇಳಿದ್ದು.

ಇನ್ನೊಂದು. ನಿನ್ನ ಕೋಟಿನ ಪ್ಲಗಿನ್ ಬಿಚ್ಚಿ ನೋಡ್ತಿದ್ದೆ. ಎಡಕ್ಕೊಂದು ಸಲ, ಬಲಕ್ಕೊಂದು ಸಲ ಅದೇ ಕೋಡನ್ನ ಎರಡೆರಡು ಸಲ ಬರೆದಿದ್ದೀಯಲ್ಲಾ! ಭುಜ ಎರಡು, ಬೆನ್ನು ಎರಡು, ಕಂಕುಳು ಎರಡು. ಸ್ಕೂಲಲ್ಲಿ ಕಾಪಿ ಬರೆದ ಅಭ್ಯಾಸ ಇನ್ನೂ ಹೋಗಿಲ್ವಾ?

ಕೈ ಮಣಿಕಟ್ಟು ಮತ್ತೆ ನೋವು. ಹಗಲು ಆಫೀಸಿನ ಕೆಲಸ, ಉಳಿದ ಹೊತ್ತು ‘ಅಳತೆ’. ಹೆಂಡತಿ ‘ಅದನ್ನೇ ಮದುವೆ ಆಗ್ಬೇಕಿತ್ತು’ ಅಂತಾಳೆ.

ತಮ್ಮ

---

ಫೆಬ್ರವರಿ ೧೧

ತಮ್ಮಾ,

ಅಬ್ಬಾ, ಎದೆ ಮೇಲಿಂದ ಕಲ್ಲು ಇಳೀತು. ಕಾಗದ ಓದಿದವಳೇ ಟೋಪಿಯವನಿಗೆ ಫೋನ್ ಮಾಡಿ ಚೆನ್ನಾಗಿ ಉಗಿದೆ. ಪಾಪ, ಅವನೂ ಖುಷಿ ಪಟ್ಟ. ಹೊಸ ಭಾಷೆ ಕಲಿಯೋಕೆ ಪುಸ್ತಕ ತರಿಸಿಕೊಂಡಿದ್ನಂತೆ, ವಾಪಸ್ ಕಳಿಸ್ತೀನಿ ಅಂದ. ನಾನೇ ಕಳಿಸು ಅಂದೆ.

ಎಷ್ಟು ದಿನ ಬೇಕು ಅಂತ ಕೇಳಿದೆಯಲ್ಲ? ಮುಂದಿನ ಜನ್ಮ ಪೂರ್ತಿ. ನಲವತ್ತಾರನೇ ವಯಸ್ಸಿಗೆ ಗುಬ್ಬಿ ಕಲಿತವಳು ನಾನು. ಒಂದು ಗುಬ್ಬಿ ಸಾಕು ಈ ಮನೆಗೆ.

ಎಡ ಬಲದ ತಂಟೆಗೆ ಹೋಗ್ಬೇಡ. ಕಾಪಿ ಅಲ್ಲ, ಬೇಕು ಅಂತಲೇ ಹಾಗೆ ಬರೆದಿರೋದು. ಕಾರಣ ಇದೆ, ಹೇಳಲ್ಲ, ಅದು ನಾನು ಹೇಳೋ ವಿಷಯ ಅಲ್ಲ. ಅದಕ್ಕೇ ಕೋಡಿನಲ್ಲೂ ಟಿಪ್ಪಣಿ ಹಾಕಿಲ್ಲ. ನಮ್ಮದೆಲ್ಲಾ ಲೋಕಕ್ಕೆ ತೆರೆದಿಟ್ಟ ಕೋಡು, ಯಾರು ಬೇಕಾದ್ರೂ ಓದ್ತಾರೆ. ಎಲ್ಲವನ್ನೂ ಬೀದಿಗಿಡೋಕಾಗಲ್ಲ. ನೀನು ಮುಟ್ಟಬೇಡ ಅಷ್ಟೆ.

ಮಣಿಕಟ್ಟಿಗೆ ಬಿಸಿನೀರಿನ ಕಾವು ಕೊಡು. ದಾರದುಂಡೆ ಹಿಡಿದು ಅಮುಕೋ ವ್ಯಾಯಾಮ ಇದೆ, ನಮ್ಮ ಕೋಣೆಯಲ್ಲಿ ಎಲ್ಲರೂ ಮಾಡ್ತೀವಿ. ಏಳು ವರ್ಷ ಆಯ್ತು, ನಿನ್ನ ಮುಖ ನೋಡಿಲ್ಲ, ಆದ್ರೆ ನಿನ್ನ ಮಣಿಕಟ್ಟಿನ ಚರಿತ್ರೆ ಪೂರ್ತಿ ಗೊತ್ತು. ಒಡಹುಟ್ಟಿದ ತಮ್ಮ ಇದ್ದಿದ್ರೂ ಇಷ್ಟು ಗೊತ್ತಿರ್ತಿತ್ತೋ ಇಲ್ವೋ.

ಅಕ್ಕ

---

ಮಾರ್ಚ್ ೩೦

ಅಕ್ಕಾ,

ಒಂದೂವರೆ ತಿಂಗಳಾಯ್ತು ಬರೆದು, ಬೈಕೋಬೇಡ. ಹೊಸ ಆವೃತ್ತಿಯ ಗಡಿಬಿಡಿ.

ಅದರಲ್ಲಿ ನಿನಗೊಂದು ಉಡುಗೊರೆ ಇದೆ. ಏನು ಅಂತ ಈಗಲೇ ಹೇಳಲ್ಲ. ಕೈ ನೋವಿದ್ರೂ ಕೂತು ಮಾಡಿದ್ದೀನಿ. ನೋಡಿದ ಮೇಲೆ ಬೈಯಲ್ಲ ಅಂತ ಮಾತು ಕೊಡು.

ತಮ್ಮ

---

ಏಪ್ರಿಲ್ ೨

ತಮ್ಮಾ,

ಉಡುಗೊರೆ ಏನು ಅಂತ ನನಗೆ ಗೊತ್ತಾಗಿಹೋಯ್ತು! ಗುಬ್ಬಿಗೆ ಶಾಶ್ವತ ಜಾಗ ಕೊಡ್ತಿದ್ದೀಯ, ಅಲ್ವಾ? ಇನ್ನು ಯಾರೂ ತೆಗೆಯೋ ಮಾತೇ ಎತ್ತಬಾರದು ಅನ್ನೋ ಹಾಗೆ. ಹೂಂ ಅನ್ಬೇಡ, ಊಹೂಂ ಅನ್ಬೇಡ, ಸುಮ್ನಿರು. ನಾನು ಗೊತ್ತಿಲ್ಲದವಳ ಹಾಗೆ ನಟನೆ ಮಾಡ್ತೀನಿ.

ಗುಂಪಿನಲ್ಲಿ ಇನ್ನೂ ಇಬ್ಬರು ಮೂವರು ಹೆದರಿಕೊಂಡು ಕೇಳ್ತಿದ್ರು. ‘ಬೀಗದಕೈ ನನಗೆ ಮಾತು ಕೊಟ್ಟಿದ್ದಾನೆ, ಅದಕ್ಕೆ ನಾನು ಜವಾಬ್ದಾರಿ’ ಅಂತ ಬರೆದುಬಿಟ್ಟೆ. ನೀನು ನೋಡಿರ್ಬೇಕು. ಒಂದಕ್ಷರ ಉತ್ತರ ಹಾಕ್ಲಿಲ್ಲ, ನಾಚಿಕೆ ಅಂದ್ಕೊಂಡೆ.

ತಂಗಿಯ ಕೋಟಿಗೆ ಬಟ್ಟೆ ತಂದೆ. ಎಂಥ ಬಟ್ಟೆ ಕಣೋ! ಉಣ್ಣೆ, ಆದ್ರೆ ಭಾರ ಇಲ್ಲ. ಕೈಯಲ್ಲಿ ಹಿಡಿದ್ರೆ ನೀರಿನ ಹಾಗೆ ಜಾರುತ್ತೆ. ಅಂಗಡಿಯಲ್ಲಿ ಕೊನೇ ತುಂಡು, ಆ ಗಿರಣಿ ಮುಚ್ಚಿಹೋಯ್ತಂತೆ. ಒಂದು ಕೋಟಿಗೆ ಸರಿಯಾಗಿದೆ, ಒಂದು ಗೇಣು ಹೆಚ್ಚಿಲ್ಲ. ತಂಗಿ ಅದನ್ನ ಭುಜದ ಮೇಲೆ ಹೊದ್ದುಕೊಂಡು ಕನ್ನಡಿ ಮುಂದೆ ‘ಮೈ ಲಾರ್ಡ್’ ಅಂತ ಗಂಟಲು ಸರಿಮಾಡ್ಕೊಂಡ್ಲು. ಕೋಣೆಯ ಹೆಂಗಸರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಅವಳು ಕನ್ನಡಿ ಮುಂದೆ ಅಷ್ಟು ಹೊತ್ತು ನಿಂತಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ.

ಅಕ್ಕ

---

ಮೇ ೨೦

ತಮ್ಮಾ,

ಯಾರು ಮಾಡಿದ್ದು ಇದನ್ನ?

ಹೋದ ವಾರ ಜ್ವರ ಬಂದು ಮಲಗಿದ್ದೆ. ನಮ್ಮ ಕೋಣೆಯ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ‘ಅಳತೆ’ಯನ್ನ ಹೊಸ ಆವೃತ್ತಿಗೆ ಬದಲಾಯಿಸಿಕೊಂಡಿದೆ. ಕಟಿಂಗ್ ನೋಡ್ಕೊಳ್ಳೋಳು, ಪಾಪ, ಅಕ್ಕನಿಗೆ ಹಗುರ ಆಗ್ಲಿ ಅಂತ ತಂಗಿಯ ಕೋಟಿನ ಬಟ್ಟೆ ತೆಗೆದು ಕಟಿಂಗ್ ಮಿಷನ್ನಿಗೆ ಕೊಟ್ಟಿದ್ದಾಳೆ. ಅವಳದೇನೂ ತಪ್ಪಿಲ್ಲ. ನನ್ನ ಕೋಟಿನ ಪ್ಲಗಿನ್ ಅದೇ ಹೆಸರಲ್ಲಿ, ಅದೇ ಚಿತ್ರದ ಜೊತೆ ಅಲ್ಲೇ ಕೂತಿತ್ತು.

ನಾನು ಬಂದು ತುಂಡುಗಳನ್ನ ಮೇಜಿನ ಮೇಲೆ ಹರಡಿದೆ. ಬೆನ್ನಿನ ಎಡ ತುಂಡನ್ನ ಬಲ ತುಂಡಿನ ಮೇಲಿಟ್ಟೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ, ಒಂದರ ಮೇಲೊಂದು ಅಚ್ಚು ಒತ್ತಿದ ಹಾಗೆ ಕೂತ್ವು.

ಹೇಳಲ್ಲ ಅಂದಿದ್ದೆನಲ್ಲ ಕಾರಣ, ಈಗ ಕೇಳು. ನನ್ನ ತಂಗಿಗೆ ಚಿಕ್ಕಂದಿನಿಂದ ಬೆನ್ನುಮೂಳೆ ಒಂದು ಪಕ್ಕಕ್ಕೆ ವಾಲಿದೆ. ಎಡ ಭುಜ ಮೇಲೆ, ಬಲ ಭುಜ ನಾಲ್ಕು ಬೆರಳು ಕೆಳಗೆ. ಎಡ ಬೆನ್ನು ಉಬ್ಬಿದೆ, ಬಲ ಬೆನ್ನು ತಗ್ಗಿದೆ. ಅಂಗಡಿಯ ಬಟ್ಟೆ ಹಾಕಿದ್ರೆ ಬೀದಿಯಲ್ಲಿ ಹೋಗೋರೆಲ್ಲ ತಿರುಗಿ ನೋಡ್ತಾರೆ. ನಾನು ಹೊಲಿದದ್ದು ಹಾಕಿದ್ರೆ ನೋಡಲ್ಲ, ಅಷ್ಟೇ ನನ್ನ ವಿದ್ಯೆ. ಆ ಕೋಟಿನ ಪ್ಲಗಿನ್ ಬರೆದದ್ದೇ ಅವಳ ಮೈಗೆ. ‘ನನ್ನ ಬೆನ್ನನ್ನ ಊರಿಗೆಲ್ಲ ಹಂಚಬೇಡ’ ಅಂತ ಮಾತು ತಗೊಂಡಿದ್ಲು, ಅದಕ್ಕೇ ನಿನಗೂ ಹೇಳ್ಲಿಲ್ಲ.

ಮಿಷನ್ನು ಬಲಗಡೆಯ ಅಳತೆ ತಗೊಂಡು ಎಡಕ್ಕೂ ಅದನ್ನೇ ಕತ್ತರಿಸಿದೆ. ಎಡ ಬೆನ್ನಿಗೆ ಬಟ್ಟೆ ಸಾಲ್ತಿಲ್ಲ. ಹೆಚ್ಚಿದ್ರೆ ಒಳಗೆ ಹಿಡೀಬಹುದಿತ್ತು. ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುತ್ತಾ?

ಬೇಡ ಬೇಡ ಅಂದ್ರೂ ಕೇಳದೆ ತಂಗಿ ಕಚ್ಚಾ ಹೊಲಿಗೆ ಹಾಕಿಸಿ ಹಾಕ್ಕೊಂಡ್ಲು. ಕನ್ನಡಿ ನೋಡಿದ್ಲು. ‘ಕೋಟು ತುಂಬಾ ಚೆನ್ನಾಗಿದೆ ಅಕ್ಕಾ, ಯಾರದ್ದು ಇದು?’ ಅಂದ್ಲು. ತೆಗೆದು ಮಡಚಿ ಮೇಜಿನ ಮೇಲಿಟ್ಟು ಒಳಗೆ ಹೋದ್ಲು. ಅವಳು ಅತ್ತಿದ್ರೆ ನಾನು ಸಮಾಧಾನ ಮಾಡ್ತಿದ್ದೆ. ಅಳಲೂ ಇಲ್ಲ.

ಪ್ಲಗಿನ್ ತೆರೆದ್ರೆ ನನ್ನ ಗುಬ್ಬಿ ಕೋಡು ಒಂದು ಸಾಲೂ ಇಲ್ಲ, ಎಲ್ಲಾ ಹೊಸ ಭಾಷೆ. ಬರೆದವರು ‘ಅಳತೆ ತಂಡ’ ಅಂತಿದೆ. ಕೋಣೆಯ ಮಿಕ್ಕ ಪ್ಲಗಿನ್‌ಗಳು ತೆರೆಯೋದೇ ಇಲ್ಲ. ಟೋಪಿಯವನದ್ದೂ ನಿಂತಿದೆ. ನಿನ್ನ ಕಣ್ಣು ತಪ್ಪಿಸಿ ಯಾರು ಮಾಡಿದ್ರು? ಹೆಸರು ಹೇಳು. ನೋಡ್ಕೊಳ್ತೀನಿ.

ಅಕ್ಕ

---

ಮೇ ೨೨

ಅಕ್ಕಾ,

ನಿನ್ನ ತಂಗಿಯ ವಿಷಯ ನನಗೆ ಒಂದಿಷ್ಟೂ ಗೊತ್ತಿರ್ಲಿಲ್ಲ. ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಾ!

ಗುಬ್ಬಿ ತೆಗೆಯೋದು ತಂಡದ ತೀರ್ಮಾನ. ನಾನೊಬ್ಬ ಏನು ಮಾಡ್ಲಿ? ಗುಬ್ಬಿಯಲ್ಲಿ ಒಂದು ದೊಡ್ಡ ತೂತಿತ್ತು. ಪ್ಲಗಿನ್ ಅಂತ ಹೇಳಿ ಯಾರು ಬೇಕಾದ್ರೂ ನಿಮ್ಮ ಕಂಪ್ಯೂಟರಿನ ಒಳಗೆ ನುಗ್ಗಬಹುದಿತ್ತು. ಅದನ್ನ ಮುಚ್ಚೋಕೆ ಗುಬ್ಬಿ ಬಲ್ಲವರು ಬೇಕು. ಗುಬ್ಬಿ ಹುಟ್ಟಿಸಿದವರೇ ಅದನ್ನ ಕೈಬಿಟ್ಟು ವರ್ಷಗಳಾಯ್ತು. ಈ ಲೋಕದಲ್ಲಿ ಅದಕ್ಕೆ ತೇಪೆ ಹಾಕ್ತಾ ಕೂತಿದ್ದವನು ನಾನೊಬ್ಬನೇ.

ಕೋಟಿನ ಪ್ಲಗಿನ್ ಹೊಸ ಭಾಷೆಗೆ ತಂದದ್ದು ನಾನೇ. ಅದೇ ಆ ಉಡುಗೊರೆ. ನಿನಗೆ ಮತ್ತೆ ಕಲಿಯೋ ಕಷ್ಟ ಬೇಡ ಅಂತ. ಎರಡೆರಡು ಸಲ ಇದ್ದದ್ದನ್ನ ಒಂದು ಮಾಡಿ, ಇನ್ನೊಂದು ಪಕ್ಕಕ್ಕೆ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಬರೆದೆ. ನಮ್ಮ ಕೆಲಸದಲ್ಲಿ ಒಂದೇ ಮಾತನ್ನ ಎರಡು ಸಲ ಬರೆಯೋದು ತಪ್ಪು ಅಂತ ಮೊದಲ ದಿನವೇ ಕಲಿಸ್ತಾರೆ ಅಕ್ಕಾ, ಕೈ ತಾನಾಗೇ ಹೋಗುತ್ತೆ. ಹಾಗೇ ಬಿಡ್ಲಿಲ್ಲ, ಪರೀಕ್ಷೆನೂ ಮಾಡಿದೆ. ನಮ್ಮ ಹತ್ರ ಇರೋ ಮಾದರಿ ಮೈಗಳ ಅಳತೆ ಅಷ್ಟನ್ನೂ ಹಾಕಿ, ನಿನ್ನ ಹಳೇ ಪ್ಲಗಿನ್ನಿನ ಉತ್ತರದ ಜೊತೆ ಹೋಲಿಸಿದೆ. ಒಂದೂ ತಪ್ಪಲಿಲ್ಲ. ಆ ಮಾದರಿ ಮೈಗಳೆಲ್ಲ ನೆಟ್ಟಗಿದ್ದವು ಅಂತ ಈಗ ಹೊಳೀತಿದೆ.

ದಯವಿಟ್ಟು ಹೊಟ್ಟೆಗೆ ಹಾಕ್ಕೋ. ಬಟ್ಟೆ ಬೇರೆ ಎಲ್ಲಾದ್ರೂ ಸಿಗುತ್ತಾ ನೋಡ್ಲಾ?

ತಮ್ಮ

---

ಮೇ ೨೭

ಬೀಗದಕೈ,

ಟೋಪಿಯವನು ಬಂದಿದ್ದ. ಮೂರು ಬಸ್ಸು ಬದಲಾಯಿಸಿ, ಬೆವರು ಒರೆಸಿಕೊಳ್ತಾ. ಮೊಬೈಲ್ ನನ್ನ ಮುಂದೆ ಹಿಡಿದು ‘ಓದು’ ಅಂದ. ತಂಡದ ಸಭೆಯಲ್ಲಿ ನಡೆದ ಮಾತುಗಳು. ‘ಗುಬ್ಬಿ ಭಾಷೆಯನ್ನು ಕೈಬಿಡೋಣ.’ ಪ್ರಸ್ತಾಪ ಮಾಡಿದವರು: ಬೀಗದಕೈ. ತಾರೀಖು ಜನವರಿ ೨೮.

ಬಾಗಿಲು ಮುಚ್ಚಲ್ಲ ಅಂತ ನೀನು ನನಗೆ ಮಾತು ಕೊಟ್ಟಿದ್ದು ಫೆಬ್ರವರಿ ೯ಕ್ಕೆ.

ತಂಡದ ತೀರ್ಮಾನ, ನಾನೊಬ್ಬ ಏನು ಮಾಡ್ಲಿ ಅಂತೀಯ. ಥೂ! ಬಾಗಿಲಿಗೆ ಬೀಗ ಜಡಿದು ಬಂದವನು, ಆಮೇಲೆ ನನ್ನ ಹತ್ರ ಕೂತು ಬಾಗಿಲು ತೆಗೆದೇ ಇರುತ್ತೆ ಅಕ್ಕಾ ಅಂದೆ. ನಂಬಿಸಿ ಕುತ್ತಿಗೆ ಕೊಯ್ಯೋದು ಅಂದ್ರೆ ಇದೇ ಅಲ್ವಾ? ‘ಎಷ್ಟು ದಿನ ಬೇಕಾಗಬಹುದು, ಸುಮ್ನೆ ಕೇಳಿದ್ದು.’ ಆಗ ನಿಜ ಹೇಳಿದ್ರೆ ನಾಲ್ಕು ತಿಂಗಳಿತ್ತು. ಬೈತಿದ್ದೆ, ಅಳ್ತಿದ್ದೆ, ಆಮೇಲೆ ಟೋಪಿಯವನ ಪುಸ್ತಕ ಇಸ್ಕೊಂಡು ಕಲೀತಿದ್ದೆ. ಗುಬ್ಬಿ ಕಲಿತವಳಿಗೆ ಇನ್ನೊಂದು ಹಕ್ಕಿ ಏನು ದೊಡ್ಡದು! ನಾನು ತಮಾಷೆಗೆ ಮುಂದಿನ ಜನ್ಮ ಅಂದೆ. ನೀನು ಅದನ್ನೇ ನೆಪ ಮಾಡ್ಕೊಂಡೆ.

ತಂಗಿಯ ವಿಷಯ ಹೇಳಿದ್ರೆ ಆಗ್ತಿತ್ತು ಅಂತೀಯ. ಹೇಳ್ಲಿಲ್ಲ, ನಿಜ. ಆದ್ರೆ ಮುಟ್ಟಬೇಡ ಅಂತ ಹೇಳಿದ್ದೆ. ಕಾರಣ ಗೊತ್ತಿಲ್ಲದಿದ್ರೆ ಅಕ್ಕನ ಮಾತಿಗೆ ಬೆಲೆ ಇಲ್ವಾ? ನನಗೆ ಬರೆಯೋಕೆ ಬರಲ್ಲ, ಕಾಪಿ ಹೊಡೀತಾಳೆ ಅಂದ್ಕೊಂಡೆ. ತಿದ್ದಿ ಕೊಟ್ಟು ಉಡುಗೊರೆ ಅಂದೆ.

ಗುಂಪಿನಲ್ಲಿ ನಾನು ಜವಾಬ್ದಾರಿ ಅಂತ ಬರೆದಾಗ ಓದಿದೆ ತಾನೇ? ಓದಿ ಸುಮ್ನಿದ್ದೆ. ಟೋಪಿಯವನು ನನ್ನನ್ನ ಬೈಯಲಿಲ್ಲ ಕಣೋ. ‘ಊರಿಗೆಲ್ಲ ಟೋಪಿ ಮಾಡಿಕೊಡೋನು ನಾನು, ನನಗೇ ಹಾಕಿಬಿಟ್ಟ ನಿನ್ನ ತಮ್ಮ’ ಅಂತ ನಕ್ಕ. ಆ ನಗು ನೋಡೋಕಾಗ್ಲಿಲ್ಲ ನನಗೆ.

ಆ ಸಭೆಯ ಮಾತುಗಳು ಯಾವ ಪೆಟ್ಟಿಗೆಯಲ್ಲೂ ಬಚ್ಚಿಟ್ಟಿರ್ಲಿಲ್ಲ. ಯಾರು ಬೇಕಾದ್ರೂ ಹೋಗಿ ಓದಬಹುದಿತ್ತು. ನಾನು ಹೋಗ್ಲಿಲ್ಲ. ತಮ್ಮನ ಮಾತಿರೋವಾಗ ಯಾರು ಹೋಗಿ ನೋಡ್ತಾರೆ?

ಕತ್ತರಿ

---

ಜೂನ್ ೩

ಅಕ್ಕಾ,

ಏಳೆಂಟು ಸಲ ಬರೆದು ಅಳಿಸಿದೆ.

ಪ್ರಸ್ತಾಪ ಮಾಡಿದ್ದು ನಾನೇ. ಸಾಕಾಗಿತ್ತು ಅಕ್ಕಾ. ಗುಬ್ಬಿಗೆ ತೇಪೆ ಹಾಕಿ ಹಾಕಿ ನನ್ನ ಕೈ ಹೋಯ್ತು, ಮನೇಲಿ ಮಾತು ಹೋಯ್ತು. ಒಂದು ದಿನ ಯಾರೋ ಆ ತೂತಿನಲ್ಲಿ ನುಗ್ಗಿದ್ರೆ ಎಲ್ಲರೂ ಬೆರಳು ತೋರಿಸೋದು ನನ್ನ ಕಡೆಗೇ. ಗುಬ್ಬಿ ಹೋಗಬೇಕಿತ್ತು, ಅದನ್ನ ಈಗಲೂ ಹೇಳ್ತೀನಿ. ನಿನಗೆ ಹೇಳೋಕೆ ಮಾತ್ರ ಬಾಯಿ ಬರ್ಲಿಲ್ಲ. ಹೇಳಿದ್ರೆ ನೀನು ಬರೆಯೋದು ನಿಲ್ಲಿಸ್ತೀಯ ಅನ್ನಿಸ್ತು. ನಿನ್ನ ಕಾಗದ ಬಿಟ್ರೆ ಈ ಕೆಲಸದಲ್ಲಿ ನನಗೆ ಸಿಗೋದು ಬರೀ ದೂರು. ಪ್ಲಗಿನ್ ಕೈಗೆ ಸಿಕ್ಕಿದ ಮೇಲೆ ಯಾವ ಭಾಷೆಯಲ್ಲಿದೆ ಅಂತ ನೀನು ನೋಡಲ್ಲ ಅಂದ್ಕೊಂಡೆ.

ಈಗ ಸರಿ ಮಾಡಿದ್ದೀನಿ. ಎಡ ಬಲ ಬೇರೆ ಬೇರೆ ಮಾಡಿ ಮತ್ತೆ ಬರೆದಿದ್ದೀನಿ. ಬರೆದವರ ಜಾಗದಲ್ಲಿ ನಿನ್ನ ಹೆಸರು ಹಾಕ್ತೀನಿ, ಒಪ್ಪಿಗೆ ಕೊಡು. ಇನ್ನೊಂದು ಬೇಡಿಕೆ. ನಿನ್ನ ತಂಗಿಯ ಅಳತೆ ಕಳಿಸಿದ್ರೆ ಅದನ್ನೂ ಮಾದರಿ ಮೈಗಳ ಜೊತೆ ಸೇರಿಸ್ತೀನಿ. ಮುಂದೆ ಯಾರೇ ಆ ಕೋಡು ಮುಟ್ಟಿದ್ರೂ ಪರೀಕ್ಷೆಯಲ್ಲೇ ಸಿಕ್ಕಿಬೀಳ್ತಾರೆ. ಹೆಸರು ಹಾಕಲ್ಲ, ಬರೀ ಅಂಕಿ. ಅವಳಂಥವರಿಗೆಲ್ಲ ಒಳ್ಳೇದಾಗುತ್ತೆ.

ಕೋರ್ಟಿನ ಮೊದಲ ದಿನ ಹೇಗಾಯ್ತು?

ನಿನ್ನ ತಮ್ಮ

---

ಜೂನ್ ೮

ಬೀಗದಕೈ ಅವರಿಗೆ,

ಕೋಟು ಆಯ್ತು. ನೆಲದ ಮೇಲೆ ಕಾಗದ ಹಾಸಿ, ಸೀಮೆಸುಣ್ಣ ಹಿಡಿದು, ತಂಗಿಯನ್ನ ನಿಲ್ಲಿಸಿ ಕೈಯಲ್ಲೇ ಅಳತೆ ಇಳಿಸಿದೆ. ಮೊಣಕಾಲು ಬಾತುಕೊಂಡ್ವು. ಬಟ್ಟೆ ಮಾಮೂಲಿಯದು, ಸೆಕೆಗೆ ಅಂಟುತ್ತೆ. ಅದನ್ನೇ ಹಾಕ್ಕೊಂಡು ಹೋದ್ಲು. ಯಾರೂ ತಿರುಗಿ ನೋಡ್ಲಿಲ್ಲವಂತೆ. ಅವಳ ಮೊದಲ ಕೇಸನ್ನ ಮುಂದಕ್ಕೆ ಹಾಕಿದ್ರಂತೆ.

ನಮ್ಮ ಕೋಣೆಯ ಕಂಪ್ಯೂಟರಿಗೆ ಹಳೇ ‘ಅಳತೆ’ಯನ್ನೇ ವಾಪಸ್ ಹಾಕಿ, ಇಂಟರ್ನೆಟ್ಟಿನ ವೈರು ಕಿತ್ತಿದ್ದೀನಿ. ಇನ್ನು ಅದರೊಳಗೆ ಕಳ್ಳರೂ ನುಗ್ಗಲ್ಲ, ನಿಮ್ಮ ಹೊಸ ಆವೃತ್ತಿಯೂ ನುಗ್ಗಲ್ಲ. ಟೋಪಿಯವನು ಮತ್ತೆ ಪುಸ್ತಕ ತರಿಸಿದ್ದಾನೆ. ಅವನ ಜೊತೆ ನಾನೂ ಕಲೀತಿದ್ದೀನಿ. ನೀವು ಹೇಳಿದ್ದು ಸರಿ, ಗುಬ್ಬಿ ಹೋಗಬೇಕಿತ್ತು. ಅದರ ಮೇಲೆ ನನಗೆ ಜಗಳ ಇಲ್ಲ.

ನಿಮ್ಮ ಕಾಗದಗಳನ್ನೆಲ್ಲ ತಂಗಿಗೆ ಓದೋಕೆ ಕೊಟ್ಟೆ. ನೋಟಿಸ್ ಕಳಿಸ್ತಾಳೇನೋ ಅಂದ್ಕೊಂಡಿದ್ದೆ. ಅವಳು ಕನ್ನಡಕ ಏರಿಸ್ಕೊಂಡು ‘ಅಳತೆ’ಯ ಲೈಸೆನ್ಸ್ ಪೂರ್ತಿ ಓದಿದ್ಲು. ‘ಅಕ್ಕಾ, ಕಾನೂನು ಪ್ರಕಾರ ಇವರೇನೂ ತಪ್ಪು ಮಾಡಿಲ್ಲ ಕಣೇ. ಇದಕ್ಕೆ ಯಾವ ಖಾತರಿಯೂ ಇಲ್ಲ, ಬೇಕಾದ್ರೆ ಉಪಯೋಗಿಸಿ ಅಂತ ಮೊದಲೇ ಬರೆದಿದ್ದಾರೆ’ ಅಂದ್ಲು. ನಾನಂದೆ, ಸಾಫ್ಟ್‌ವೇರಿಗೆ ಖಾತರಿ ಇರ್ಲಿಲ್ಲ ನಿಜ, ನಾನು ಖಾತರಿ ತಗೊಂಡಿದ್ದು ಸಾಫ್ಟ್‌ವೇರಿನ ಹತ್ರ ಅಲ್ವಲ್ಲ. ಅದಕ್ಕೆ ಯಾವ ಸೆಕ್ಷನ್ನೂ ಇಲ್ಲವಂತೆ.

ಅವಳ ಅಳತೆ ಕೇಳಿದ್ರಲ್ಲ, ಅದನ್ನೂ ಓದಿದ್ಲು. ‘ಇವರು ಇನ್ನೂ ಬೆನ್ನನ್ನೇ ಕೇಳ್ತಿದ್ದಾರಲ್ಲಾ’ ಅಂದ್ಲು. ಕೊಡಲ್ಲ. ಪರೀಕ್ಷೆಗೆ ಓರೆ ಮೈ ಬೇಕಿದ್ರೆ ಮನಸ್ಸಿಗೆ ಬಂದ ಅಂಕಿ ಬರ್ಕೊಳ್ಳಿ. ಎಡ ಬೇರೆ ಬಲ ಬೇರೆ ಇದ್ರೆ ಸಾಕು.

ಕೋಡಿಗೆ ನನ್ನ ಒಪ್ಪಿಗೆ ಕೇಳಿದ್ದೀರಿ. ನಿಮಗೆ ಒಪ್ಪಿಗೆ ಬೇಕಾಗೇ ಇಲ್ಲ. ಯಾರು ಬೇಕಾದ್ರೂ ತಗೊಳ್ಳಲಿ, ತಿದ್ದಲಿ, ಹಂಚಲಿ ಅಂತ ನಾನೇ ಬರೆದುಕೊಟ್ಟಿದ್ದೀನಿ. ಅದನ್ನ ವಾಪಸ್ ತಗೊಳ್ಳೋಕೆ ನನಗೂ ಹಕ್ಕಿಲ್ಲ ಅಂತ ತಂಗಿ ಹೇಳ್ತಾಳೆ. ಎಲ್ಲಾ ತಗೊಳ್ಳಿ. ತೋಳು, ಕಾಲರು, ಬೆನ್ನು, ಕಂಕುಳು, ಏಳು ವರ್ಷ ಬರೆದದ್ದು ಅಷ್ಟೂ ತಗೊಳ್ಳಿ.

ಅಕ್ಕ ಅನ್ನೋದೊಂದನ್ನ ನಾನು ಯಾವ ಲೈಸೆನ್ಸಿನಲ್ಲೂ ಬರೆದುಕೊಟ್ಟಿಲ್ಲ. ಅದನ್ನ ಇನ್ನು ಉಪಯೋಗಿಸಬೇಡಿ.

ಕತ್ತರಿ